ಹೌದು, ನನ್ನ ತಂಡದಲ್ಲಿ ಬಾಂಡ್ಸ್ ಇದ್ದಾರೆ

ಹೌದು, ಇದ್ದಾರೆ. ಲೆಫ್ಟ್ ಫೀಲ್ಡ್‌ನಲ್ಲಿ ಬ್ಯಾರಿ ಬಾಂಡ್ಸ್ ಅವರೇ ಇದ್ದಾರೆ, ಬ್ಯಾಟಿಂಗ್ ಕ್ರಮದಲ್ಲಿ ಮೂರನೆಯವರಾಗಿ. ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ಬೇಸ್‌ಬಾಲ್ ಸಂಸ್ಥೆಯ ಸಾರ್ವಕಾಲಿಕ ತಂಡವೆಂದು ನಾನು 26 ಆಟಗಾರರ ಒಂದು ಪಟ್ಟಿಯನ್ನು ಹಲವು ವರ್ಷಗಳಿಂದ ತಿದ್ದುತ್ತ ಬಂದಿದ್ದೇನೆ. ಅದು ಗೊತ್ತಾದವರೆಲ್ಲರೂ ಮೊದಲು ಕೇಳುವುದು, ಉದ್ದೀಪನ ಮದ್ದಿನ ಆರೋಪ ಹೊತ್ತ ಬಾಂಡ್ಸ್ ಅವರನ್ನೂ ಸೇರಿಸಿದ್ದೀರಾ ಎಂದೇ, ಬಹುತೇಕರು ಅದರ ನಂತರ ಬೇರೇನನ್ನೂ ಕೇಳುವುದಿಲ್ಲ. ಬಾಯಲ್ಲಿ ಹೇಳಿ ಹೇಳಿ ನನಗೆ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಇದನ್ನು ಓದಲು ಕೊಡುತ್ತೇನೆ.

ಹಿಂದಿನ ಒಂದು ಯುಗಾದಿಯ ದಿನ ಸ್ಯಾನ್ ಫ್ರಾನ್ಸಿಸ್ಕೊ ಬಳಿಯ ಫ್ರೀಮಾಂಟ್‌ನ ಸಭಾಂಗಣದಲ್ಲಿ ನಮ್ಮವರೆಲ್ಲ ಸೇರಿದ್ದೆವು. ಊಟದ ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದ ಹಿರಿಯರೊಬ್ಬರು ತಟ್ಟೆ ಹಿಡಿದುಕೊಂಡೇ ಹಿಂದಿರುಗಿ, "ಏನ್ರೀ, ದ್ರಾವಿಡ್ ಊರಿನೋರು ನೀವು, ಆ ಇಂಜೆಕ್ಷನ್ ಹೀರೋನ ಟೀಮಿಗೆ ಹಾಕ್ಕೊಂಡಿದ್ದೀರಂತೆ?" ಎಂದರು. ಅಕ್ಕಪಕ್ಕದವರೂ ನನ್ನತ್ತ ತಿರುಗಿದರು. ಬಾಂಡ್ಸ್ ಜೈಂಟ್ಸ್ ಪರ ಆಡತೊಡಗಿದ 1993ರಿಂದ ನಾನು ಉತ್ತರ ಶುರುಮಾಡಿದೆ. 1996ಕ್ಕೆ ಬರುವಷ್ಟರಲ್ಲಿ ಬಡಿಸುವವರು ಹೋಳಿಗೆಗೆ ಹಾಲೋ ತುಪ್ಪವೋ ಎಂದು ಕೇಳಿದರು, ಪ್ರಶ್ನೆ ಕೇಳಿದವರು ತುಪ್ಪ ಹಾಕಿಸಿಕೊಂಡು ಹೊರಟೇಹೋದರು. ನನಗೆ ಅಂದು ಸಿಟ್ಟು ಬಂದದ್ದು ಅವರು ಹೋದದ್ದಕ್ಕಲ್ಲ, ಆ "ಅಂತೆ" ಎಂಬ ಮಾತಿಗೆ. ಯಾವುದೋ ಕದ್ದ ಮಾಲು ನನ್ನ ಮನೆಯಲ್ಲಿ ಸಿಕ್ಕಿತೆಂಬ ಧ್ವನಿ ಅದರಲ್ಲಿತ್ತು. ತಂಡವನ್ನು ಯಾವ ನಿಯಮದ ಮೇಲೆ ಕಟ್ಟಿದಿರಿ ಎಂದು ಅವರೂ ಕೇಳಲಿಲ್ಲ, ಅವರಿಗಿಂತ ಮೊದಲು ಕೇಳಿದವರೂ ಕೇಳಿರಲಿಲ್ಲ.

ನಿಯಮ ಇದು. ಈ ಸಂಸ್ಥೆ 1883ರಲ್ಲಿ ನ್ಯೂಯಾರ್ಕ್‌ನಲ್ಲಿ ಹುಟ್ಟಿ, 1958ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊಗೆ ಬಂತು. ಊರು ಬದಲಾದರೂ ಸಂಸ್ಥೆ ಒಂದೇ ಆದ್ದರಿಂದ ಎರಡೂ ಊರುಗಳ ಆಟಗಾರರಿಗೆ ನನ್ನಲ್ಲಿ ಸಮಾನ ಹಕ್ಕಿದೆ. ಕನಿಷ್ಠ ಐದು ಋತುಗಳನ್ನು, ಅಂದರೆ ಐದು ವರ್ಷಗಳ ಲೀಗ್ ಆಟವನ್ನು, ಇಲ್ಲಿ ಆಡಿರಬೇಕು, ಮತ್ತು ಜೈಂಟ್ಸ್ ಅಂಗಿ ತೊಟ್ಟು ಆಡಿದ ಆಟವನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು. ಇದರಿಂದ ರಾಜರ್ಸ್ ಹಾರ್ನ್ಸ್‌ಬಿ, ವಾರೆನ್ ಸ್ಪಾನ್, ಡ್ಯೂಕ್ ಸ್ನೈಡರ್, ಸ್ಟೀವ್ ಕಾರ್ಲ್‌ಟನ್ ಮುಂತಾದ ದೊಡ್ಡ ಹೆಸರುಗಳೆಲ್ಲ ಒಂದೇ ಏಟಿಗೆ ಹೊರಗುಳಿಯುತ್ತವೆ, ಏಕೆಂದರೆ ಅವರೆಲ್ಲ ಇಲ್ಲಿ ಆಡಿದ್ದು ಒಂದು ಋತುವೋ ಅದಕ್ಕಿಂತ ಕಡಿಮೆಯೋ ಅಷ್ಟೇ.

ಈಗ ಬಾಂಡ್ಸ್ ವಿಚಾರಕ್ಕೆ ಬರುತ್ತೇನೆ. ಉದ್ದೀಪನ ಮದ್ದಿನ ಆರೋಪವನ್ನು ನಾನು ಗಾಳಿಮಾತು ಎನ್ನುವುದಿಲ್ಲ. ಆಟಗಾರರಿಗೆ ಉದ್ದೀಪನ ಮದ್ದು ಪೂರೈಸಿದ ಬಾಲ್ಕೊ ಪ್ರಯೋಗಾಲಯದ ಪ್ರಕರಣದಲ್ಲಿ ಅವರ ಹೆಸರು ಬಂತು. ನ್ಯಾಯಕ್ಕೆ ಅಡ್ಡಿಪಡಿಸಿದರೆಂದು 2011ರಲ್ಲಿ ಬಂದ ತೀರ್ಪನ್ನು ಮೇಲ್ಮನವಿ ನ್ಯಾಯಾಲಯವು 2015ರಲ್ಲಿ ರದ್ದುಪಡಿಸಿತು. ಆದರೂ ಬೇಸ್‌ಬಾಲ್ ದಿಗ್ಗಜರಿಗೆ ಸಿಗುವ ಗೌರವವಾದ ಹಾಲ್ ಆಫ್ ಫೇಮ್‌ಗಾಗಿ ನಡೆದ ಪತ್ರಕರ್ತರ ಮತದಾನದಲ್ಲಿ ಹತ್ತು ವರ್ಷ ಸತತವಾಗಿ ಅವರಿಗೆ ಅಗತ್ಯವಿದ್ದ ಶೇ 75 ಮತ ಸಿಗಲಿಲ್ಲ. ಅನುಮಾನವಿರುವುದು ಮುಖ್ಯವಾಗಿ 1998ರ ನಂತರದ ಋತುಗಳ ಮೇಲೆ. ಹಾಗಾದರೆ ಆ ಋತುಗಳನ್ನೆಲ್ಲ ಕಿತ್ತುಹಾಕೋಣ. 2001ರ 73 ಹೋಮ್ ರನ್ (ಕ್ರಿಕೆಟ್ಟಿನ ಸಿಕ್ಸರ್‌ನಂತೆ ಚೆಂಡನ್ನು ಮೈದಾನದಾಚೆ ಹೊಡೆಯುವುದು) ಬೇಡ, ಒಟ್ಟು 762ರ ದಾಖಲೆಯೂ ಬೇಡ. 1993ರಿಂದ 1998ರವರೆಗಿನ ಆರು ಋತುಗಳನ್ನಷ್ಟೇ ಇಟ್ಟುಕೊಂಡರೆ 235 ಹೋಮ್ ರನ್ ಉಳಿಯುತ್ತವೆ, 1993ರ ಅತ್ಯಮೂಲ್ಯ ಆಟಗಾರ ಪ್ರಶಸ್ತಿ ಉಳಿಯುತ್ತದೆ, ಒಂದೇ ಋತುವಿನಲ್ಲಿ 42 ಹೋಮ್ ರನ್ ಹೊಡೆದು, ಎದುರಾಳಿ ಚೆಂಡು ಎಸೆಯುವಾಗಲೇ ಓಡಿ 40 ಬೇಸ್ ಕದ್ದ 1996 ಉಳಿಯುತ್ತದೆ. ಈ ಸಂಸ್ಥೆಯ ಇತಿಹಾಸದಲ್ಲಿ ಆ ಆರು ವರ್ಷಗಳನ್ನು ಸರಿಗಟ್ಟುವ ಇನ್ನೊಬ್ಬ ಲೆಫ್ಟ್ ಫೀಲ್ಡರ್ ನನಗೆ ಸಿಕ್ಕಿಲ್ಲ. ಸಿಕ್ಕಿದರೆ ಹೆಸರು ಹೇಳಿ, ಪಟ್ಟಿ ತಿದ್ದುತ್ತೇನೆ.

ಆದರೆ ನಂತರದ ಋತುಗಳನ್ನು ಕಣ್ಣಿಂದ ಅಳಿಸಲು ನನ್ನಿಂದಾಗುವುದಿಲ್ಲ. 2004ರ ಬೇಸಿಗೆಯ ಒಂದು ಸಂಜೆ ನಾನು ಕೊಲ್ಲಿಯ ಪಕ್ಕದ ಜೈಂಟ್ಸ್ ಮೈದಾನದಲ್ಲಿ ಮೂರನೇ ಬೇಸಿನ ಕಡೆ ಕುಳಿತಿದ್ದೆ. ಬಾಂಡ್ಸ್ ಬ್ಯಾಟು ಹಿಡಿದು ನಿಂತ ಕೂಡಲೇ, ಬ್ಯಾಟರ್ ಹಿಂದೆ ಕುಳಿತು ಚೆಂಡು ಹಿಡಿಯುವ ಎದುರಾಳಿ ಕ್ಯಾಚರ್ ಎದ್ದು ನಿಂತು ತೋಳನ್ನು ಪಕ್ಕಕ್ಕೆ ಚಾಚಿದರು. ಹೊಡೆಯಲು ಎಟುಕದಷ್ಟು ದೂರಕ್ಕೆ ಬೇಕೆಂದೇ ನಾಲ್ಕು ಎಸೆತ ಹಾಕಿ ಬ್ಯಾಟರ್‌ನನ್ನು ಪುಕ್ಕಟೆಯಾಗಿ ಮೊದಲ ಬೇಸಿಗೆ ಕಳಿಸಿಬಿಡುವ ಉಪಾಯ ಅದು. ಆಗ ಆ ನಾಲ್ಕೂ ಎಸೆತಗಳನ್ನು ನಿಜವಾಗಿಯೂ ಹಾಕಬೇಕಾಗಿತ್ತು. ಜನ ಕೂಗುತ್ತಿದ್ದರು, ಕೆಲವರು ಹೇಡಿತನವನ್ನು ಹಂಗಿಸಲು ರಬ್ಬರ್ ಕೋಳಿಗಳನ್ನು ಎತ್ತಿ ಅಲ್ಲಾಡಿಸುತ್ತಿದ್ದರು. ಬಾಂಡ್ಸ್ ಮಾತ್ರ ಪ್ರತಿ ಎಸೆತವನ್ನೂ ಅದು ಕ್ಯಾಚರ್ ಕೈಸೇರುವವರೆಗೆ ಕಣ್ಣಲ್ಲೇ ಹಿಂಬಾಲಿಸಿದರು, ನಾಲ್ಕನೆಯದಾದ ಮೇಲೆ ಬಲಮೊಣಕೈಯ ದಪ್ಪ ಕವಚದ ಪಟ್ಟಿಯನ್ನು ಬಿಚ್ಚಿ ನೆಲಕ್ಕೆ ಬಿಟ್ಟು ನಡೆದರು. ಆ ಒಂದೇ ಋತುವಿನಲ್ಲಿ ಅವರನ್ನು ಹೀಗೆ ಬೇಕೆಂದೇ ನಡೆಸಿದ್ದು 120 ಬಾರಿ. ಮದ್ದು ತೋಳಿಗೆ ಬಲ ಕೊಟ್ಟಿರಬಹುದು. ಯಾವ ಎಸೆತವನ್ನು ಬಿಡಬೇಕೆಂದು ಬಲ್ಲ ಆ ಕಣ್ಣನ್ನು ಅವರು 1993ರಲ್ಲೇ ತಮ್ಮೊಡನೆ ತಂದಿದ್ದರು.

ಶುದ್ಧತೆಯೇ ಅಳತೆಗೋಲಾದರೆ ಉಳಿದವರನ್ನೂ ಅದರಲ್ಲೇ ಅಳೆಯಬೇಕಲ್ಲವೇ? ಚೆಂಡು ಎಸೆಯುವ ನನ್ನ ಪಿಚರ್‌ಗಳಲ್ಲಿ ಗೇಲಾರ್ಡ್ ಪೆರ್ರಿ ಇದ್ದಾರೆ. 1920ರಲ್ಲೇ ನಿಷೇಧವಾಗಿದ್ದ, ಚೆಂಡಿಗೆ ಉಗುಳು ಸವರಿ ಎಸೆಯುವ ವಿದ್ಯೆಯನ್ನು ತಾವು ಬಳಸಿದ್ದಾಗಿ ಅವರೇ ಬರೆದುಕೊಂಡರು, ಆಮೇಲೂ 1991ರಲ್ಲಿ ಹಾಲ್ ಆಫ್ ಫೇಮ್ ಸೇರಿದರು. 1951ರಲ್ಲಿ ಬಾಬಿ ಥಾಮ್ಸನ್ ಹೊಡೆದು ಜೈಂಟ್ಸ್ ತಂಡಕ್ಕೆ ಲೀಗ್ ಗೆದ್ದುಕೊಟ್ಟ ಹೋಮ್ ರನ್ ಬೇಸ್‌ಬಾಲ್‌ನಲ್ಲೇ ಅತಿ ಪ್ರಸಿದ್ಧವಾದದ್ದು. ಆ ವರ್ಷ ಜೈಂಟ್ಸ್ ತವರು ಮೈದಾನವಾದ ಪೋಲೊ ಗ್ರೌಂಡ್ಸ್‌ನ ಸೆಂಟರ್ ಫೀಲ್ಡ್ ಹಿಂದಿನ ಕೋಣೆಯಲ್ಲಿ ದೂರದರ್ಶಕ ಇಟ್ಟುಕೊಂಡು, ಯಾವ ಎಸೆತ ಬರಲಿದೆಯೆಂದು ತಿಳಿಸುವ ಎದುರಾಳಿ ಕ್ಯಾಚರ್‌ನ ಬೆರಳಿನ ಸನ್ನೆಗಳನ್ನು ಕದಿಯಲಾಗುತ್ತಿತ್ತೆಂದು ಆ ತಂಡದ ಆಟಗಾರರೇ 2001ರಲ್ಲಿ ಒಪ್ಪಿಕೊಂಡರು. ಆ ತಂಡದಲ್ಲಿ ವಿಲ್ಲಿ ಮೇಸ್ ಇದ್ದರು, ಮಾಂಟಿ ಇರ್ವಿನ್ ಇದ್ದರು. ಅವರಿಬ್ಬರೂ ನನ್ನ ತಂಡದಲ್ಲಿದ್ದಾರೆ, ಅವರನ್ನೇಕೆ ಇಟ್ಟುಕೊಂಡಿರಿ ಎಂದು ಒಬ್ಬರೂ ಕೇಳಿಲ್ಲ.

ಕೇಳಬೇಕಾದದ್ದು ನಿಜವಾಗಿ ಇರ್ವಿನ್ ಬಗ್ಗೆಯೇ. 1949ರ ಜುಲೈನಲ್ಲಿ ಅವರೂ ಹ್ಯಾಂಕ್ ಥಾಮ್ಸನ್ ಅವರೂ ಒಂದೇ ದಿನ ಜೈಂಟ್ಸ್ ಪರವಾಗಿ ಕಣಕ್ಕಿಳಿಯುವವರೆಗೆ, ಅಂದರೆ 66 ವರ್ಷಗಳ ಕಾಲ, ಈ ತಂಡದಲ್ಲಿ ಒಬ್ಬ ಕಪ್ಪುವರ್ಣೀಯ ಆಟಗಾರನೂ ಇರಲಿಲ್ಲ. ಕಣ್ಣಿಗೆ ಬೀಳದೆ ಹೀಗಾದದ್ದಲ್ಲ. ಮುಂದೆ ಮೂವತ್ತು ವರ್ಷ ಜೈಂಟ್ಸ್ ತಂಡವನ್ನು ನಡೆಸಿದ ಜಾನ್ ಮೆಕ್‌ಗ್ರಾ ಅವರು 1901ರಲ್ಲಿ, ಬಾಲ್ಟಿಮೋರ್‌ನಲ್ಲಿದ್ದಾಗಲೇ, ಚಾರ್ಲಿ ಗ್ರಾಂಟ್ ಎಂಬ ಕಪ್ಪುವರ್ಣೀಯ ಆಟಗಾರನನ್ನು ಅಮೆರಿಕದ ಮೂಲನಿವಾಸಿ ಎಂದು ಹೇಳಿ ತಂಡಕ್ಕೆ ಸೇರಿಸಲು ನೋಡಿದ್ದರು, ಆಗಲಿಲ್ಲ. ನನ್ನ ತಂಡದಲ್ಲಿ, ವರ್ಷದ ಅಂತಿಮ ಪ್ರಶಸ್ತಿ ಸರಣಿಯಾದ ವರ್ಲ್ಡ್ ಸೀರೀಸ್‌ನಲ್ಲಿ 1905ರಂದು ಎದುರಾಳಿಗೆ ಒಂದು ರನ್ನನ್ನೂ ಕೊಡದೆ ಮೂರು ಪಂದ್ಯ ಗೆದ್ದ ಕ್ರಿಸ್ಟಿ ಮ್ಯಾಥ್ಯೂಸನ್ ಇದ್ದಾರೆ, 1930ರಲ್ಲಿ 0.401 ಸರಾಸರಿಯಲ್ಲಿ, ಅಂದರೆ ಹತ್ತರಲ್ಲಿ ನಾಲ್ಕು ಸಲ ಯಶಸ್ವಿಯಾಗಿ ಹೊಡೆದು, ಬ್ಯಾಟ್ ಮಾಡಿದ ಬಿಲ್ ಟೆರ್ರಿ ಇದ್ದಾರೆ, 511 ಹೋಮ್ ರನ್‌ಗಳ ಮೆಲ್ ಆಟ್ ಇದ್ದಾರೆ. ಮೂವರೂ ದೊಡ್ಡ ಆಟಗಾರರೇ. ಆದರೆ ತಮ್ಮ ಕಾಲದ ಅತ್ಯುತ್ತಮ ಎದುರಾಳಿಗಳಲ್ಲಿ ಎಷ್ಟೋ ಜನರನ್ನು ಅವರು ಲೀಗ್‌ನಲ್ಲಿ ಎದುರಿಸಲೇ ಇಲ್ಲ, ಎದುರಿಸಲು ಲೀಗ್ ಬಿಡಲಿಲ್ಲ. ಬಾಂಡ್ಸ್ ಅಂಕಿಅಂಶಗಳ ಪಕ್ಕದಲ್ಲಿ ಅನುಮಾನದ ನಕ್ಷತ್ರದ ಗುರುತು ಹಾಕಬೇಕೆನ್ನುವವರು ಈ ಅಂಕಿಗಳ ಪಕ್ಕದಲ್ಲಿ ಏನು ಗುರುತು ಹಾಕುತ್ತಾರೆಂದು ನನಗೆ ತಿಳಿಯಬೇಕು.

ಕಪ್ಪುವರ್ಣೀಯರ ಪ್ರತ್ಯೇಕ ಲೀಗ್‌ನ ನ್ಯೂಆರ್ಕ್ ಈಗಲ್ಸ್ ತಂಡದಲ್ಲಿ ಹೆಸರು ಮಾಡಿ, ಯುದ್ಧಕಾಲದಲ್ಲಿ ಸೇನೆಯಲ್ಲಿ ವರ್ಷಗಳನ್ನು ಕಳೆದ ಇರ್ವಿನ್ ಅವರಿಗೆ ಜೈಂಟ್ಸ್ ಬಾಗಿಲು ತೆರೆದಾಗ 30 ವರ್ಷ. ಆದರೂ 1951ರಲ್ಲಿ ತಮ್ಮ ಹೊಡೆತಗಳಿಂದ ತಂಡಕ್ಕೆ 121 ರನ್‌ಗಳನ್ನು ಗಳಿಸಿಕೊಟ್ಟು ಲೀಗ್‌ಗೇ ಮೊದಲಿಗರಾದರು, ಅದೇ ವರ್ಷದ ವರ್ಲ್ಡ್ ಸೀರೀಸ್‌ನ ಮೊದಲ ಪಂದ್ಯದಲ್ಲಿ ಯಾಂಕೀಸ್ ವಿರುದ್ಧ, ಮುಟ್ಟಿದರೆ ರನ್ ಸಿಗುವ ಕೊನೆಯ ಬೇಸಾದ ಹೋಮ್ ಪ್ಲೇಟನ್ನೇ ಕದ್ದರು. ಮರುವರ್ಷ ಕಣಕಾಲು ಮುರಿಯಿತು, 1953ರಲ್ಲಿ ಮತ್ತೆ 0.329 ಸರಾಸರಿಯಲ್ಲಿ ಆಡಿದರು. ಅಂಗಿಯ ನಿಯಮದ ಪ್ರಕಾರ ಅವರ ಏಳು ಋತುಗಳನ್ನು ಮಾತ್ರ ನಾನು ಎಣಿಸಬಹುದು. ಉಳಿದ ವರ್ಷಗಳಲ್ಲಿ ಅವರು ಈ ಅಂಗಿ ತೊಡದಿದ್ದುದು ಅವರ ಆಯ್ಕೆಯಾಗಿರಲಿಲ್ಲ. ಆ ವರ್ಷಗಳನ್ನೂ ಲೆಕ್ಕಕ್ಕೆ ಹಿಡಿದು ಇಲ್ಲಿ ನಾನು ನನ್ನ ನಿಯಮವನ್ನು ಬಗ್ಗಿಸಿದ್ದೇನೆ, ಬಗ್ಗಿಸಿದ್ದೇನೆಂದು ಬಹಿರಂಗವಾಗಿಯೇ ಹೇಳುತ್ತೇನೆ.

ಬಗ್ಗಿಸಿದ್ದಕ್ಕೆ ಬೆಲೆಯೂ ಬಿದ್ದಿದೆ. ಹದಿಮೂರು ಬ್ಯಾಟರ್‌ಗಳಲ್ಲಿ ಹದಿಮೂರನೆಯ ಸ್ಥಾನವನ್ನು ಇರ್ವಿನ್‌ಗೆ ಕೊಟ್ಟದ್ದರಿಂದ ಒರ್ಲಾಂಡೊ ಸೆಪೇಡಾ ಅವರ ಹೆಸರನ್ನು ಹೊಡೆದುಹಾಕಬೇಕಾಯಿತು. ಮೊದಲ ಬೇಸಿಗೆ ಟೆರ್ರಿ ಮತ್ತು ವಿಲ್ಲಿ ಮೆಕ್‌ಕೋವಿ ಈಗಾಗಲೇ ಇದ್ದರು, ಮೂರನೆಯವರಿಗೆ ಜಾಗವಿರಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೊಗೆ ಬಂದ ಮೊದಲ ವರ್ಷವೇ ಈ ಊರು ತನ್ನವರೆಂದು ಎದೆಗಪ್ಪಿಕೊಂಡ, 1961ರಲ್ಲಿ 46 ಹೋಮ್ ರನ್ ಮತ್ತು 142 ರನ್ ಗಳಿಸಿಕೊಟ್ಟ ಪೋರ್ಟೊರಿಕೊದ ಆಟಗಾರ ಅವರು. 2024ರ ಜೂನ್ 18ರಂದು ಮೇಸ್ ತೀರಿಕೊಂಡರು, ಹತ್ತು ದಿನ ಕಳೆದು ಸೆಪೇಡಾ ತೀರಿಕೊಂಡರು. ಆ ರಾತ್ರಿ ಪಟ್ಟಿಯನ್ನು ತೆಗೆದು ಪೆನ್ಸಿಲ್ ಹಿಡಿದು ಬಹಳ ಹೊತ್ತು ಕುಳಿತಿದ್ದೆ. ಇರ್ವಿನ್ ಹೆಸರನ್ನು ಅಳಿಸಲಿಲ್ಲ. ಮೈದಾನದ ಹೊರಗೆ ಸೆಪೇಡಾ ಅವರ ಪ್ರತಿಮೆಯಿದೆ, ಪಂದ್ಯಕ್ಕೆ ಹೋದಾಗಲೆಲ್ಲ ಅದರ ಮುಂದೆಯೇ ಹಾದುಹೋಗುತ್ತೇನೆ. ಮುಂದಿನ ಯುಗಾದಿಗೆ ಯಾರಾದರೂ ನನ್ನನ್ನು ತಡೆದು ನಿಲ್ಲಿಸುವುದಾದರೆ ಅವರನ್ನೇಕೆ ಬಿಟ್ಟಿರಿ ಎಂದು ಕೇಳಲಿ, ಹೋಳಿಗೆ ಆರಿದರೂ ಚಿಂತೆಯಿಲ್ಲ, ನಿಂತು ಉತ್ತರಿಸುತ್ತೇನೆ.