ಲೀಡರ್ ಇಲ್ಲದ ದಿನ ಕೆಲಸಕ್ಕೆ ಬರುವ ವಾಕ್ಯ

ತಂಡಕ್ಕೆ ತನ್ನ ಉದ್ದೇಶ ಗೊತ್ತಿದೆಯೇ ಎಂದು ತಿಳಿಯಲು ಒಂದು ಪರೀಕ್ಷೆ ಇದೆ. ಟೀಮ್ ಲೀಡರ್ ರಜೆಯಲ್ಲಿದ್ದಾರೆ, ಎರಡು ಕೆಲಸ ಒಟ್ಟಿಗೆ ಬಂದಿವೆ, ಎರಡೂ ತುರ್ತು. ಯಾವುದು ಮೊದಲು ಎಂದು ಉಳಿದವರು ತಾವೇ ತೀರ್ಮಾನಿಸಬಲ್ಲರೇ? ಫೋನ್ ಮಾಡಿ ಕೇಳಲೇಬೇಕಾದರೆ ಉದ್ದೇಶ ಇನ್ನೂ ಲೀಡರ್ ತಲೆಯಲ್ಲೇ ಉಳಿದಿದೆ ಎಂದರ್ಥ.

‘ಅತ್ಯುತ್ತಮ ಸೇವೆ ನೀಡುವುದು’ ಎಂಬಂಥ ಮಾತು ಇಲ್ಲಿ ಸೋಲುತ್ತದೆ. ಅದನ್ನು ಬೇಡವೆನ್ನುವವರೇ ಇಲ್ಲ, ಹಾಗಾಗಿ ಅದು ಏನನ್ನೂ ಆರಿಸಿಕೊಡುವುದಿಲ್ಲ. ಗ್ರಾಹಕರ ಕರೆ ನೋಡಿಕೊಳ್ಳುವ ತಂಡ ತನ್ನ ಉದ್ದೇಶವನ್ನು ಒಂದು ವಾಕ್ಯದಲ್ಲಿ ಹೀಗೆ ಬರೆದುಕೊಳ್ಳಬಹುದು: ‘ಒಂದೇ ತೊಂದರೆಗೆ ಯಾರೂ ಎರಡನೇ ಸಲ ಕರೆ ಮಾಡುವಂತಾಗಬಾರದು, ಅದಕ್ಕಾಗಿ ಮಾತು ಉದ್ದವಾದರೂ ಸರಿ.’ ಯಾರಿಗೆ, ಏನು ಬದಲಾಗಬೇಕು, ಅದಕ್ಕಾಗಿ ಏನನ್ನು ಬಿಟ್ಟುಕೊಡುತ್ತೇವೆ, ಮೂರೂ ಇದರಲ್ಲಿವೆ. ಕೊನೆಯದನ್ನು ಬರೆಯಲು ಹೆಚ್ಚಿನವರು ಹಿಂಜರಿಯುತ್ತಾರೆ. ಕಷ್ಟದ ಹೊತ್ತಿನಲ್ಲಿ ದಾರಿ ತೋರಿಸುವುದು ಅದೇ.

ವಾಕ್ಯ ಸಿದ್ಧವಾದ ಮೇಲೆ ಅಳತೆಗಳನ್ನು ತಿದ್ದಬೇಕು. ಬಹಳಷ್ಟು ಕಡೆ ಕೆಡುವುದು ಇಲ್ಲೇ. ಮಾತು ಉದ್ದವಾದರೂ ಸರಿ ಎಂದು ಹೇಳಿ, ತಿಂಗಳ ಕೊನೆಗೆ ಕರೆಯ ಸರಾಸರಿ ಅವಧಿ ನೋಡಿ ರೇಟಿಂಗ್ ಕೊಟ್ಟರೆ ಜನ ರೇಟಿಂಗನ್ನೇ ನಂಬುತ್ತಾರೆ. ಐದು ನಿಮಿಷ ದಾಟುತ್ತಿದ್ದಂತೆ ‘ಆಮೇಲೆ ಮತ್ತೆ ಕರೆ ಮಾಡಿ’ ಎಂದು ಫೋನ್ ಇಡುತ್ತಾರೆ. ಅದು ಅವರ ತಪ್ಪಲ್ಲ. ಅವಧಿಯ ಬದಲು, 7 ದಿನದೊಳಗೆ ಅದೇ ವಿಷಯಕ್ಕೆ ಮರಳಿ ಬಂದ ಕರೆಗಳನ್ನು ಎಣಿಸಿ. ಇದಕ್ಕೂ ಒಂದು ಕಳ್ಳದಾರಿ ಇದೆ: ಹಳೆಯ ತೊಂದರೆಗೆ ಬೇರೆ ಹೆಸರು ಕೊಟ್ಟು ಹೊಸ ಟಿಕೆಟ್ (ದೂರಿನ ದಾಖಲೆ) ತೆರೆಯುವುದು. ವಾರಕ್ಕೆ ಹತ್ತು ಟಿಕೆಟ್‌ಗಳನ್ನು ಲೀಡರ್ ಖುದ್ದಾಗಿ ಓದಿದರೆ ಬೇಗ ಗೊತ್ತಾಗುತ್ತದೆ.

ಕೆಲಸ ವಹಿಸುವಾಗ ಏಕೆ, ಮುಗಿದಾಗ ಹೇಗಿರಬೇಕು, ಯಾವ ಮಿತಿ ದಾಟಬಾರದು ಎಂದಷ್ಟೇ ಹೇಳಿ, ವಿಧಾನ ಅವರಿಗೆ ಬಿಡಿ. ‘ಅರ್ಥವಾಯಿತಾ?’ ಎಂದರೆ ಎಲ್ಲರೂ ಹೂಂ ಎನ್ನುತ್ತಾರೆ. ‘ಎಲ್ಲಿಂದ ಶುರು ಮಾಡ್ತೀರಿ?’ ಎಂದು ಕೇಳಿದರೆ ನಿಜ ಹೊರಬೀಳುತ್ತದೆ.

ಹುರುಪು ಎಲ್ಲಿಂದ ಬರುತ್ತದೆ ಎಂಬುದಕ್ಕೆ ಸಂಶೋಧಕರಾದ ಆಡಂ ಗ್ರಾಂಟ್ ಮತ್ತು ಡೇವಿಡ್ ಹಾಫ್‌ಮನ್ 2011ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಬೇಕು. ಆಸ್ಪತ್ರೆಯ ಸಿಬ್ಬಂದಿ ಕೈ ತೊಳೆಯುವ ಕಡೆ ಬೇರೆ ಬೇರೆ ಫಲಕ ಹಾಕಿದರು. ಕೈ ಸ್ವಚ್ಛವಿದ್ದರೆ ನಿಮಗೆ ರೋಗ ತಗಲದು ಎಂದಿತ್ತು ಒಂದರಲ್ಲಿ. ರೋಗಿಗಳಿಗೆ ತಗಲದು ಎಂದಿತ್ತು ಇನ್ನೊಂದರಲ್ಲಿ. ರೋಗಿಗಳನ್ನು ನೆನಪಿಸಿದ ಕಡೆಯೇ ಸೋಪು, ಜೆಲ್ ಹೆಚ್ಚು ಖರ್ಚಾಯಿತು. ಈ ಎರಡರ ನಡುವೆ ಬದಲಾಗಿದ್ದು ಒಂದೇ ಪದ!

ಆದ್ದರಿಂದ ತಿಂಗಳಿಗೊಮ್ಮೆಯಾದರೂ ಹತ್ತು ನಿಮಿಷ, ನಿಮ್ಮ ಕೆಲಸದ ಫಲ ಉಣ್ಣುವವರ ಮಾತನ್ನು ತಂಡಕ್ಕೆ ನೇರವಾಗಿ ಕೇಳಿಸಿ. ಹೊಗಳಿದವರನ್ನಷ್ಟೇ ಆರಿಸಿ ಕರೆತಂದರೆ ಎರಡನೇ ಸಲಕ್ಕೆ ಯಾರೂ ಕಿವಿಗೊಡುವುದಿಲ್ಲ. ಸಿಟ್ಟಾದವರ ಕರೆಯನ್ನೂ ಕೇಳಿಸಿ; ಕೇಳಿದ ಮೇಲೆ ಲೀಡರ್ ಎಲ್ಲರಿಗಿಂತ ಕೊನೆಗೆ ಮಾತಾಡಲಿ.