ಕಪ್ಪು ಪುಟ, ಉರಿಯುವ ದೀಪ

ಕಡಿಮೆ ಬೆಲೆಯ ಟ್ಯಾಬ್ಲೆಟ್‌ನಲ್ಲಿ ಇ-ಪುಸ್ತಕ ಓದುವಾಗ ಬ್ಯಾಟರಿಯನ್ನು ಹೆಚ್ಚಾಗಿ ತಿನ್ನುವುದು ಪರದೆಯ ಹಿಂದಿನ ಬೆಳಕು. ಡೊಂಬಿವಲಿಯಿಂದ ಮುಂಬೈಯ ಸಿಎಸ್‌ಎಂಟಿ ನಿಲ್ದಾಣಕ್ಕೆ ಹೋಗುವ ಲೋಕಲ್ ರೈಲಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕ ದಿನ, ಅದೂ ಅಪರೂಪವೇ ಅನ್ನಿ, ಬಿಸಿಲಿನಲ್ಲಿ ಅಕ್ಷರ ಕಾಣಲೆಂದು ಬೆಳಕನ್ನು ಪೂರ್ತಿ ಏರಿಸಬೇಕಾಗುತ್ತದೆ; ಠಾಣೆ ದಾಟುವಷ್ಟರಲ್ಲಿ ಮೇಲಿನ ಮೂಲೆಯ ಅಂಕಿ ಕಣ್ಣೆದುರೇ ಇಳಿಯತೊಡಗುತ್ತದೆ. ಕಪ್ಪು ಹಿನ್ನೆಲೆ ಹಾಕಿಕೊಂಡರೆ ಚಾರ್ಜ್ ಉಳಿಯುತ್ತದೆಂದು ಜೊತೆಗೆ ಬರುವ ಮಿತ್ರರೊಬ್ಬರು ಪಟ್ಟು ಹಿಡಿದು ಹೇಳುತ್ತಾರೆ. ಅದು ಪ್ರತಿ ಚುಕ್ಕಿಯೂ ತಾನೇ ಬೆಳಗುವ ಓಎಲ್‌ಇಡಿ ಪರದೆಗೆ ಸಲ್ಲುವ ಮಾತೇ ಹೊರತು, ಅಗ್ಗದ ಟ್ಯಾಬ್ಲೆಟ್‌ಗಳಲ್ಲಿ ಸಾಮಾನ್ಯವಾಗಿರುವ ಎಲ್‌ಸಿಡಿಗಲ್ಲ, ಏಕೆಂದರೆ ಇಲ್ಲಿ ಪುಟ ಕಪ್ಪಾದರೂ ಹಿಂದಿನ ದೀಪ ಉರಿಯುತ್ತಲೇ ಇರುತ್ತದೆ.

ಕನ್ನಡ ಓದುಗರಿಗೆ ಇನ್ನೊಂದು ತೊಡಕಿದೆ: ನಮ್ಮ ಹಳೆಯ ಪುಸ್ತಕಗಳು ಬಹುಪಾಲು ಸ್ಕ್ಯಾನ್ ಮಾಡಿದ ಪಿಡಿಎಫ್ ರೂಪದಲ್ಲೇ ಸಿಗುವುದರಿಂದ, ಪ್ರತಿ ಪುಟವನ್ನೂ ಚಿತ್ರವಾಗಿ ತೆರೆದು, ಹಿಗ್ಗಿಸಿದಾಗಲೆಲ್ಲ ಮತ್ತೆ ಮೂಡಿಸುವ ಕೆಲಸ ಬಡ ಪ್ರೊಸೆಸರ್‌ನ ತಲೆಗೆ ಬೀಳುತ್ತದೆ. ಬರಿಯ ಅಕ್ಷರಗಳಿರುವ ಇಪಬ್ ಎಂಬ ಇ-ಪುಸ್ತಕ ರೂಪದಲ್ಲಿ ಈ ಹೊರೆ ಅಷ್ಟಿಲ್ಲ. ಸಿಗ್ನಲ್ ಹುಡುಕಾಟಕ್ಕೂ ಚಾರ್ಜ್ ಖರ್ಚಾಗುವುದರಿಂದ ರೈಲು ಹತ್ತಿದೊಡನೆ ಏರೋಪ್ಲೇನ್ ಮೋಡ್ ಹಾಕಿಬಿಡುತ್ತೇನೆ. ವಾಟ್ಸಾಪ್ ಗುಂಪುಗಳ ಶುಭೋದಯಗಳಿಂದಲೂ ಅಷ್ಟು ಹೊತ್ತು ಬಿಡುವು ಸಿಗುತ್ತದೆ.