ಮಾವಿನ ತೋಟದ ಸೈಟು ಗೂಗಲ್‌ಗೆ ಯಾಕೆ ಕಾಣಲಿಲ್ಲ

ಮಾರ್ಚ್ 12, 2025, ಬುಧವಾರ
ಕೋಲಾರ

ಇವತ್ತು ಪೂರ್ತಿ ಶ್ರೀನಿವಾಸಪುರದ ಕಡೆಯ ಒಂದು ಮಾವಿನ ತೋಟದ ವೆಬ್‌ಸೈಟ್ ಮುಂದೆ ಕೂತಿದ್ದೆ. ಬೇರೆಯವರು ಮಾಡಿಕೊಟ್ಟಿದ್ದ ಸೈಟು. ನೋಡೋಕೆ ನಿಜಕ್ಕೂ ಚೆನ್ನಾಗಿದೆ. ತೆರೆದ ತಕ್ಷಣ ಕಪ್ಪು ಪರದೆ, ನಡುವೆ 'ತೋಟಕ್ಕೆ ಬನ್ನಿ' ಅನ್ನುವ ಬಟನ್. ಒತ್ತಿದರೆ ಕೊಂಬೆ ಅಲುಗಾಡುತ್ತದೆ, ಹಣ್ಣು ಒಂದೊಂದಾಗಿ ಉದುರುತ್ತದೆ, ಪ್ರತಿ ಹಣ್ಣಿನ ಮೇಲೂ ತಳಿಯ ಹೆಸರು ಮೂಡುತ್ತದೆ. ಬಾದಾಮಿ, ರಸಪುರಿ, ಮಲ್ಲಿಕಾ, ತೋತಾಪುರಿ, ನೀಲಂ. ಆದರೆ ಊರಿನ ಹೆಸರು, ತಳಿಯ ಹೆಸರು ಎರಡೂ ಹಾಕಿ ಗೂಗಲ್‌ನಲ್ಲಿ ಹುಡುಕಿದರೆ ಈ ತೋಟ ಎಲ್ಲೂ ಸಿಗುವುದಿಲ್ಲ.

ಯಜಮಾನರು ಫೋನಿನಲ್ಲಿ ಕೇಳಿದ್ದು ನೇರವಾದ ಪ್ರಶ್ನೆ. "ನೋಡಮ್ಮ, ಮೇ ತಿಂಗಳಿಗೆ ಹಣ್ಣು ಶುರುವಾಗುತ್ತೆ. ಮಂಡಿಗೆ ಹಾಕೋದು ಹಾಕ್ತೀವಿ. ಸ್ವಲ್ಪನಾದ್ರೂ ಬೆಂಗಳೂರಿನ ಮನೆಗಳಿಗೆ ನಾವೇ ಕಳಿಸೋಣ ಅಂತ ಆಸೆ. ಹುಡುಕೋರಿಗೆ ನಾವು ಸಿಗಲೇ ಇಲ್ಲ ಅಂದ್ರೆ ಈ ಸೈಟ್ ಇದ್ದು ಏನು ಬಂತು?" ಆನಿಮೇಷನ್ ಎಲ್ಲಾ ಕಿತ್ತು ಹಾಕಿ ಅಂತ ಯಾರೋ ಅವರಿಗೆ ಹೇಳಿದ್ದರಂತೆ. ನಾನು ಬೇಡ ಅಂದೆ. ಆ ಕೊಂಬೆ, ಆ ಹಣ್ಣು ಅವರಿಗೆ ತುಂಬಾ ಇಷ್ಟ. ಅದನ್ನು ಉಳಿಸಿಕೊಂಡೇ ಈ ಕೆಲಸ ಮಾಡಬಹುದು.

ಮೊದಲು ಸರ್ಚ್ ಕನ್ಸೋಲ್ (ಸೈಟು ಇಟ್ಟುಕೊಂಡವರಿಗೆ ಗೂಗಲ್ ಕೊಡುವ ಸಾಧನ) ತೆರೆದು, ಅದರಲ್ಲಿ ಒಂದೊಂದೇ ಪುಟ ಪರೀಕ್ಷಿಸುವ ಯುಆರ್‌ಎಲ್ ಇನ್‌ಸ್ಪೆಕ್ಷನ್‌ಗೆ ಹೋಗಿ, ಗೂಗಲ್‌ಬಾಟ್‌ಗೆ, ಅಂದರೆ ಗೂಗಲ್‌ಗಾಗಿ ಪುಟಗಳನ್ನು ಓದುವ ಪ್ರೋಗ್ರಾಂಗೆ, ಈ ಪುಟ ಹೇಗೆ ಕಾಣುತ್ತಿದೆ ಅಂತ ನೋಡಿದೆ. ಸೈಟು ಕಾಣುತ್ತಿಲ್ಲ ಅನ್ನುವವರು ಯಾರೇ ಆಗಲಿ, ಮೊದಲು ಇದನ್ನೇ ನೋಡಬೇಕು. ಸ್ಕ್ರೀನ್‌ಶಾಟ್‌ನಲ್ಲಿ ಕಪ್ಪು ಪರದೆ, ಆ ಬಟನ್, ಅಷ್ಟೇ. ಪುಟದ ಮೂಲ ಬರಹವಾದ ಎಚ್‌ಟಿಎಂಎಲ್‌ನಲ್ಲಿ ಒಂದು ಖಾಲಿ ಕ್ಯಾನ್ವಾಸ್ ಟ್ಯಾಗ್, ಅಂದರೆ ಚಿತ್ರ ಬಿಡಿಸೋಕೆ ಬಿಟ್ಟ ಜಾಗ. ಟೈಟಲ್ ಜಾಗದಲ್ಲಿ 'ಹೋಮ್'. ಮಾವು ಅನ್ನುವ ಪದವೇ ಇಡೀ ಪುಟದಲ್ಲಿ ಇಲ್ಲ.

ಪುಟಕ್ಕೆ ಇಂಥ ಚಲನೆ ಕೊಡುವ ಜಾವಾಸ್ಕ್ರಿಪ್ಟ್ ಕೋಡ್ ಗೂಗಲ್‌ಗೆ ಅರ್ಥವಾಗಲ್ಲ ಅಂತ ಈಗಲೂ ಹೇಳುವವರಿದ್ದಾರೆ. ಅದು ಹಳೇ ಮಾತು. 2019ರ ಮೇ ತಿಂಗಳಿಂದ ಗೂಗಲ್‌ಬಾಟ್ ಹೊಸ ಕ್ರೋಮಿಯಂ (ಕ್ರೋಮ್ ಬ್ರೌಸರಿನ ಮೂಲ) ಇಟ್ಟುಕೊಂಡೇ ಪುಟ ತೆರೆಯುತ್ತದೆ, ಜಾವಾಸ್ಕ್ರಿಪ್ಟ್ ಓಡಿಸುತ್ತದೆ. ಆದರೆ ಅದು ಬಟನ್ ಒತ್ತುವುದಿಲ್ಲ. ನಮ್ಮ ಹಾಗೆ ಸ್ಕ್ರೋಲ್ ಮಾಡುವುದಿಲ್ಲ. ಒತ್ತಿದ ಮೇಲೆ ತುಂಬಿಕೊಳ್ಳುವ ಬರಹ ಅದರ ಕೈಗೆ ಸಿಗುವುದೇ ಇಲ್ಲ. ಕ್ಯಾನ್ವಾಸ್ ಮೇಲೆ ಮೂಡುವ 'ಮಲ್ಲಿಕಾ' ನಮಗೆ ಹೆಸರು, ಬಾಟ್‌ಗೆ ಬರೀ ಬಣ್ಣದ ಚುಕ್ಕಿಗಳು.

ಫ್ಲಾಶ್ ಅನ್ನುವ ಹಳೇ ಆನಿಮೇಷನ್ ತಂತ್ರದ ಕಾಲದಲ್ಲಿ ಆಗಿದ್ದೂ ಇದೇ. ಇಡೀ ಸೈಟೇ ಒಂದು ಫ್ಲಾಶ್ ಫೈಲಿನೊಳಗೆ ಇರುತ್ತಿತ್ತು. ಅದರೊಳಗಿನ ಅಕ್ಷರ ಓದೋಕೆ 2008ರಲ್ಲಿ ಗೂಗಲ್, ಫ್ಲಾಶ್‌ನ ಕಂಪನಿ ಅಡೋಬಿ ಜೊತೆ ಸೇರಿ ಒಂದು ದಾರಿ ಮಾಡಿತು. 2019ರಲ್ಲಿ ಫ್ಲಾಶ್ ಇಂಡೆಕ್ಸ್ ಮಾಡುವುದನ್ನೇ, ಅಂದರೆ ಹುಡುಕಾಟದ ಪಟ್ಟಿಗೆ ಸೇರಿಸುವುದನ್ನೇ, ಗೂಗಲ್ ಬಿಟ್ಟಿತು. 2020ರ ಡಿಸೆಂಬರ್ 31ಕ್ಕೆ ಅಡೋಬಿ ಕೂಡ ಫ್ಲಾಶ್ ಪ್ಲೇಯರ್ ಕೈಬಿಟ್ಟಿತು. ಎಷ್ಟೋ ಜನ ಕಷ್ಟಪಟ್ಟು ಬರೆದಿದ್ದ ವಿಷಯ ಅದರ ಜೊತೆಗೇ ಹೋಯಿತು. ಆಗಲೇ ಸಾದಾ ಎಚ್‌ಟಿಎಂಎಲ್‌ನಲ್ಲಿ ಬರೆದಿಟ್ಟ ಪುಟಗಳು ಇವತ್ತೂ ತೆರೆಯುತ್ತವೆ. ಅದಕ್ಕೇ ನಾನು ಬರಹವನ್ನು ಯಾವತ್ತೂ ಆನಿಮೇಷನ್‌ನ ಹೊಟ್ಟೆಯೊಳಗೆ ಇಡುವುದಿಲ್ಲ.

ಹಾಗಾಗಿ ಮೊದಲು ಬರಹ. ಪ್ರತಿ ತಳಿಗೂ ಒಂದೊಂದು ಪುಟ ಮಾಡಿದೆ. ಟೈಟಲ್‌ನಲ್ಲಿ ತಳಿ, ಊರು, ತೋಟ ಮೂರೂ ಇವೆ. ಮಲ್ಲಿಕಾ ಪುಟದಲ್ಲಿ ಇದು ನೀಲಂ ಮತ್ತು ದಶೇರಿ ಕೂಡಿಸಿ ಬೆಳೆಸಿದ ತಳಿ ಅಂತ ಬರೆದೆ. ಬಾದಾಮಿ ಪುಟದಲ್ಲಿ ಆಲ್ಫಾನ್ಸೊ ಅನ್ನುವ ಹೆಸರೂ ಇದೆ, ಯಾಕೆಂದರೆ ಬೆಂಗಳೂರಿನಲ್ಲಿ ಹಾಗೆ ಹುಡುಕುವವರೂ ಜಾಸ್ತಿ. ಹಳೇ ಸೈಟಿನಲ್ಲಿ ವಿಳಾಸದ ಕೊನೆಗೆ ಹ್ಯಾಶ್ (#) ಚಿಹ್ನೆ ಹಾಕಿ ತಳಿ ಬದಲಾಯಿಸುತ್ತಿದ್ದರು. ಹ್ಯಾಶ್ ಆದ ಮೇಲೆ ಏನೇ ಇದ್ದರೂ ಗೂಗಲ್ ಅದನ್ನು ಬೇರೆ ಪುಟ ಅಂತ ಎಣಿಸುವುದಿಲ್ಲ. ಈಗ ಐದೂ ತಳಿಗೆ ಬೇರೆ ಬೇರೆ ವಿಳಾಸ, ಎಚ್‌ರೆಫ್ (ಹೋಗಬೇಕಾದ ಪುಟದ ವಿಳಾಸ) ಇರುವ ನಿಜವಾದ ಲಿಂಕು. ಒಂದು ಪುಟದಿಂದ ಇನ್ನೊಂದಕ್ಕೆ ಹೋಗುವಾಗ ಎಲೆ ಸರಿಯುವ ದೃಶ್ಯ ಹಾಗೇ ಇದೆ. ಲಿಂಕು ನಿಜವಾಗಿದ್ದರೆ ಮೇಲೆ ಎಷ್ಟು ಅಲಂಕಾರ ಮಾಡಿದರೂ ಅಡ್ಡಿಯಿಲ್ಲ.

ಕನ್ನಡ ಅಕ್ಷರದ ಕೆಲಸಕ್ಕೆ ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಇದರ ಬಗ್ಗೆ ಯಾರೂ ಅಷ್ಟಾಗಿ ಬರೆಯುವುದಿಲ್ಲ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಶೀರ್ಷಿಕೆಯ ಅಕ್ಷರಗಳು ಒಂದೊಂದಾಗಿ ಹಾರಿ ಬರುವ ಆನಿಮೇಷನ್ ಈಗ ಎಲ್ಲೆಲ್ಲೂ ಇದೆ. ಅದಕ್ಕೆ ಪದವನ್ನು ತುಂಡು ಮಾಡಿ ಪ್ರತಿ ತುಂಡನ್ನೂ ಬೇರೆ ಟ್ಯಾಗ್‌ನೊಳಗೆ ಹಾಕುತ್ತಾರೆ. ಇಂಗ್ಲಿಷ್‌ಗೆ ಸರಿಹೋಗುತ್ತದೆ. 'ಶ್ರೀನಿವಾಸಪುರ'ವನ್ನು ಹಾಗೆ ಕತ್ತರಿಸಿದರೆ ಶಕಾರ ಒಂದು ಕಡೆ, ರಕಾರ ಇನ್ನೊಂದು ಕಡೆ. ಒತ್ತು ಒತ್ತಾಗಿ ಉಳಿಯುವುದಿಲ್ಲ. ದೀರ್ಘದ ಗುರುತು ಚುಕ್ಕಿ ಚುಕ್ಕಿ ವೃತ್ತದ ಪಕ್ಕ ಒಂಟಿಯಾಗಿ ನಿಲ್ಲುತ್ತದೆ. ನಮ್ಮ ಊರಿನ ಹೆಸರನ್ನು ಹಾಗೆ ನೋಡೋಕೆ ಹೊಟ್ಟೆ ಉರಿಯುತ್ತದೆ. ಕಣ್ಣು ಕಾಣದವರು ಸ್ಕ್ರೀನ್ ರೀಡರ್ ಹಾಕಿಕೊಂಡರೆ ಅವರಿಗೂ ಪದ ಚೂರು ಚೂರಾಗಿ ಕೇಳಬಹುದು. ನಾನು ಅಕ್ಷರ ಕತ್ತರಿಸುವುದನ್ನು ಬಿಟ್ಟು ಇಡೀ ಪದವನ್ನೇ ಸರಿಸಿದೆ. ಅಂದವೇನೂ ಕಡಿಮೆಯಾಗಲಿಲ್ಲ. ಕನ್ನಡದಲ್ಲಿ ಸೈಟು ಮಾಡುವವರೆಲ್ಲ ಹೀಗೇ ಮಾಡಿ ಅಂತ ಕೇಳಿಕೊಳ್ಳುತ್ತೇನೆ.

ಶೀರ್ಷಿಕೆ ಪೂರ್ತಿ ಮಾಯವಾಗಿದ್ದು ಆಮೇಲೆ ನಿಧಾನವಾಗಿ ಮೂಡುವ ಪರಿಣಾಮವನ್ನೂ ತೆಗೆದೆ. ಎಚ್‌ಟಿಎಂಎಲ್‌ನಲ್ಲಿ ಇದ್ದರೆ ಬಾಟ್ ಅದನ್ನು ಓದುತ್ತದೆ, ಅದು ನಿಜ. ಆದರೆ ಪುಟದ ಮುಖ್ಯ ಭಾಗ ಕಾಣೋಕೆ ಹಿಡಿಯುವ ಹೊತ್ತನ್ನು ಗೂಗಲ್ ಎಲ್‌ಸಿಪಿ ಅಂತ ಅಳೆಯುತ್ತದೆ, 2.5 ಸೆಕೆಂಡಿನೊಳಗೆ ಇರಬೇಕು ಅನ್ನುತ್ತದೆ. ಪೂರ್ತಿ ಪಾರದರ್ಶಕವಾಗಿರುವುದನ್ನು ಕ್ರೋಮ್ ಆ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕೊಂಬೆಯನ್ನು ಟಾಪ್, ಹೈಟ್ (ಮೇಲಿನಿಂದ ಇರುವ ದೂರ, ಎತ್ತರ) ಬದಲಾಯಿಸಿ ಅಲುಗಾಡಿಸುತ್ತಿದ್ದರು, ಕೆಳಗಿನ ಬರಹವೆಲ್ಲ ಜಾರುತ್ತಿತ್ತು. ಸುತ್ತಲಿನದನ್ನು ತಳ್ಳದೆ ಸರಿಸುವ ಟ್ರಾನ್ಸ್‌ಫಾರ್ಮ್‌ಗೆ ಬದಲಾಯಿಸಿದೆ, ಈಗ ಕೊಂಬೆ ಮಾತ್ರ ಆಡುತ್ತದೆ. ಚಲನೆ ಬೇಡ ಅಂತ ಫೋನಿನಲ್ಲಿ ಸೆಟ್ಟಿಂಗ್ ಇಟ್ಟುಕೊಂಡವರಿಗೆ ಹಣ್ಣು ಸುಮ್ನೆ ಮರದಲ್ಲೇ ಇರುತ್ತದೆ.

ಮಧ್ಯಾಹ್ನ ಒಬ್ಬ ಗೆಳೆಯ ಸುಲಭದ ದಾರಿ ಹೇಳಿದ. ಕ್ಯಾನ್ವಾಸ್ ಹಿಂದೆ ಯಾರಿಗೂ ಕಾಣದ ಹಾಗೆ ಬರಹ ತುಂಬಿಸಿಬಿಡು, ಬಾಟ್ ಓದಿಕೊಳ್ಳುತ್ತೆ ಅಂದ. ನಾನು ಒಪ್ಪಲಿಲ್ಲ. ಜನರಿಗೆ ಒಂದು, ಬಾಟ್‌ಗೆ ಇನ್ನೊಂದು ತೋರಿಸುವುದು ಗೂಗಲ್‌ನ ನಿಯಮಕ್ಕೆ ವಿರುದ್ಧ, ಸೈಟನ್ನೇ ಹುಡುಕಾಟದಿಂದ ತೆಗೆದುಹಾಕಬಹುದು. ಅದಕ್ಕಿಂತ ಹೆಚ್ಚಾಗಿ, ತೋಟದ ವಿಷಯ ಓದಬೇಕಾದವರು ಹಣ್ಣು ಕೊಳ್ಳುವ ಜನ ಅಲ್ವಾ? ಅವರಿಂದ ಯಾಕೆ ಮುಚ್ಚಿಡಬೇಕು?

ವಾಟ್ಸಾಪ್‌ಗೆ ಲಿಂಕು ಹಾಕಿದಾಗ ಚಿತ್ರ, ಹೆಸರು ಬರಲಿ ಅಂತ ಓಪನ್ ಗ್ರಾಫ್ ಟ್ಯಾಗ್‌ಗಳನ್ನೂ ಸೇರಿಸಿದೆ. ನಮ್ಮ ಕಡೆ ಹಣ್ಣಿನ ಮಾತು ಗೂಗಲ್‌ಗಿಂತ ಮೊದಲು ವಾಟ್ಸಾಪ್ ಗುಂಪಿನಲ್ಲೇ ಹರಡುತ್ತದೆ. ವಾಟ್ಸಾಪ್ ಜಾವಾಸ್ಕ್ರಿಪ್ಟ್ ಓಡಿಸುವುದಿಲ್ಲ. ಸರ್ವರ್‌ನಿಂದ ಬರುವ ಎಚ್‌ಟಿಎಂಎಲ್‌ನಲ್ಲೇ ಟ್ಯಾಗ್ ಇರಬೇಕು.

ಸಂಜೆ ಸರ್ಚ್ ಕನ್ಸೋಲ್‌ನಲ್ಲಿ ಮತ್ತೆ ಲೈವ್ ಟೆಸ್ಟ್ ಮಾಡಿದೆ. ಸ್ಕ್ರೀನ್‌ಶಾಟ್‌ನಲ್ಲಿ ಶೀರ್ಷಿಕೆ, ತಳಿಗಳ ಹೆಸರು, ಲಿಂಕು ಎಲ್ಲವೂ ಕಂಡವು. ತುಂಬಾ ಖುಷಿಯಾಯಿತು. ಇಂಡೆಕ್ಸ್ ಮಾಡಿ ಅಂತ ಕೋರಿಕೆ ಕಳಿಸಿದ್ದೇನೆ. ಇದಕ್ಕೆ ಕೆಲವು ದಿನದಿಂದ ಕೆಲವು ವಾರ ಹಿಡಿಯಬಹುದು, ತೋಟದಲ್ಲಿ ಇನ್ನೂ ಹೀಚು ಕಟ್ಟುವ ಸಮಯ, ಹಾಗಾಗಿ ಆತುರವಿಲ್ಲ. ಯಜಮಾನರಿಗೆ ಫೋನ್ ಮಾಡಿ ಹೇಳಿದಾಗ ಮೊದಲು ಕೇಳಿದ್ದು, "ಹಣ್ಣು ಉದುರೋದು ಇದೆ ತಾನೇ?" ಇದೆ ಅಣ್ಣ ಅಂದೆ.

ನೀಲಂ ಪುಟ ಮಾತ್ರ ಅರ್ಧದಲ್ಲಿದೆ. ಸೀಸನ್ನಿನ ಕೊನೆಗೆ ಬರುವ ಹಣ್ಣು ಅದು. ಯಾವ ವಾರದಿಂದ ಕಳಿಸಬಹುದು, ಬಾಕ್ಸಿಗೆ ಎಷ್ಟು ಕೆಜಿ, ಹುಲ್ಲಿನಲ್ಲಿ ಹಣ್ಣು ಮಾಡಿ ಕೊಡುತ್ತಾರಾ ಅಂತ ಅವರ ಬಾಯಲ್ಲೇ ಕೇಳಿ ಬರೆಯಬೇಕು. ನಾಳೆ ಬೆಳಿಗ್ಗೆ ಬಸ್ಸಿಗೆ ಶ್ರೀನಿವಾಸಪುರಕ್ಕೆ ಹೋಗುತ್ತಿದ್ದೇನೆ.